ಪುದೀನದ ದಶಮಾಂಶ



ಮತ್ತಾಯನು ಬರೆದ ಸುವಾರ್ತೆಯ 23ನೆಯ ಅಧ್ಯಾಯದ 23ನೆಯ ವಚನದಲ್ಲಿ ನಮ್ಮ ಕರ್ತನು ಫರಿಸಾಯರ ದಶಮಾಂಶದ ಮಾತನ್ನೆತ್ತುತ್ತಾನೆ. ಪುದೀನ, ಸಬ್ಬಸಿಗೆ, ಜೀರಿಗೆ ಎಂಬ ಸಣ್ಣ ಬೆಳೆಗಳಲ್ಲಿಯೂ ಅವರು ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುತ್ತಿದ್ದರು. ಆದರೆ ನ್ಯಾಯವನ್ನೂ ಕರುಣೆಯನ್ನೂ ನಂಬಿಗಸ್ತಿಕೆಯನ್ನೂ ಮರೆತಿದ್ದರು.

ಪುದೀನವು ನಮ್ಮ ಹಿತ್ತಲಿಗೂ ಪರಿಚಿತವಾದದ್ದೇ. ಇದನ್ನು ಬೀಜದಿಂದ ಬೆಳೆಸಬೇಕಾಗಿಲ್ಲ. ಗೆಣ್ಣುಳ್ಳ ಕಡ್ಡಿಯನ್ನು ಬಾವಿಕಟ್ಟೆಯ ಬಳಿ, ಮಧ್ಯಾಹ್ನದ ಬಿಸಿಲು ತಗಲದ ಕಡೆ, ಗೊಬ್ಬರ ಬೆರಸಿದ ಮಣ್ಣಿನಲ್ಲಿ ಊರಿದರೆ ಗೆಣ್ಣುಗಳಲ್ಲಿ ಬೇರು ಬಿಡುವದು. ಮಣ್ಣು ಹಸಿಯಾಗಿರಬೇಕು, ನೀರು ನಿಂತರೆ ಮಾತ್ರ ಬೇರು ಕೊಳೆಯುವದು. ಹೂ ಬಿಡುವದಕ್ಕೆ ಮೊದಲೇ, ಬುಡದಲ್ಲಿ ಎರಡು ಗೆಣ್ಣು ಉಳಿಸಿ ಕೊಯ್ದರೆ ಚಿಗುರು ದಟ್ಟವಾಗಿ ಬರುವದು. ಕಣ್ಣಿಗೆ ಕಾಣುವದು ಎಲೆ; ಎಲೆಯನ್ನು ಪೋಷಿಸುವದು ಮಣ್ಣಿನೊಳಗೆ ಅಡಗಿರುವ ಬೇರು. ಬೇರು ಕೊಳೆತ ಮೇಲೆ ಎಲೆಯ ಹಸುರು ಎಷ್ಟು ದಿವಸ ನಿಂತೀತು?

ಹೀಗೆ ಬೆಳೆದ ಪುದೀನದ ಒಂದು ಹಿಡಿಯನ್ನು ಬೆಳೆಹಬ್ಬದ ದಿವಸ ದೇವಾಲಯಕ್ಕೆ ತರುವದು ಒಳ್ಳೇದೇ. ಆ ಸಣ್ಣ ಕಾಣಿಕೆಯನ್ನು ಕರ್ತನು ಹೀನೈಸಲಿಲ್ಲ. ಅದನ್ನೂ ಬಿಡಬಾರದೆಂದೇ ಬೋಧಿಸಿದನು. ಆದರೆ ಆ ಮಡಿಗೆ ನೀರು ಹೊತ್ತ ಕೂಲಿಯವಳ ಹಣವು ಇನ್ನೂ ನಮ್ಮ ಸೆರಗಿನ ಗಂಟಿನಲ್ಲಿಯೇ ಇದ್ದರೆ, ನಾವು ತಂದ ಹಿಡಿ ಯಾರದು? ನಮ್ಮದೋ, ಅವಳದೋ? ಕೂಲಿಯವನ ಕೂಲಿಯನ್ನು ಸೂರ್ಯನು ಮುಳುಗುವದರೊಳಗೆ ಸಲ್ಲಿಸಬೇಕೆಂದೂ, ಇಲ್ಲವಾದರೆ ಅವನ ಮೊರೆಯು ದೇವರಿಗೆ ಮುಟ್ಟುವದೆಂದೂ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಆಜ್ಞೆಯುಂಟು. ನಾಳೆ ಬಾ ಎಂದು ಅವಳನ್ನು ಬರಿಗೈಯಲ್ಲಿ ಕಳುಹಿಸುವ ಬಾಯಿಯೂ ಭಾನುವಾರ ದೇವರನ್ನು ಸ್ತುತಿಸುವ ಬಾಯಿಯೂ ಒಂದೇ ಅಲ್ಲವೇ?

ಪ್ರಿಯರೇ, ನಮ್ಮಲ್ಲಿ ಅನೇಕರ ಹಿರಿಯರು ಧಣಿಯ ಅಂಗಳದಲ್ಲಿ ಕತ್ತಲಾಗುವ ತನಕ ಕೂಲಿಗಾಗಿ ಕಾದು ನಿಂತವರೇ. ಆ ಕಾಯುವಿಕೆಯ ಕಹಿಯನ್ನು ಅರಿತ ನಾವು ಅದನ್ನು ಇನ್ನೊಬ್ಬರಿಗೆ ಉಣಿಸಬಹುದೇ?

ಆದದರಿಂದ ಈ ಸಾರಿ ಹಬ್ಬದ ಹಿಂದಿನ ಸಂಜೆ ಮೊದಲು ಬಾಕಿಯನ್ನು ಎಣಿಸಿ ತೀರಿಸೋಣ. ಆಮೇಲೆ ಕುಡುಗೋಲು ಹಿಡಿದು ಮಡಿಗೆ ಹೋಗೋಣ. ಮಡಿ ಒತ್ತಾಗಿ ಬೆಳೆದಿದ್ದರೆ ಬೇರುಸಹಿತ ಒಂದು ಹಿಡಿಯನ್ನು ಅಗೆದು ಅವಳ ಹಿತ್ತಲಿಗೂ ಕೊಡೋಣ. ಮಡಿಗೆ ಅದರಿಂದ ನಷ್ಟವಿಲ್ಲ, ಹಬ್ಬುವದಕ್ಕೆ ಎಡೆಯಾಗುವದು. ಆದರೆ ಆ ದಾನವನ್ನು ಕೂಲಿಯ ಲೆಕ್ಕಕ್ಕೆ ಹಿಡಿಯದಿರೋಣ. ಕೂಲಿ ಅವಳ ಹಕ್ಕು. ದಾನ ನಮ್ಮ ಸಂತೋಷ.

ಎಲೆಯನ್ನೂ ಬೇರನ್ನೂ ನೋಡುವ ಕರ್ತನು ನಮ್ಮ ಕೈಗಳನ್ನು ಶುದ್ಧಮಾಡಿ ನಮ್ಮ ಕಾಣಿಕೆಯನ್ನು ಅಂಗೀಕರಿಸಲಿ. ಆಮೆನ್.