ಕೊರತೆಯಲ್ಲಿ ಕೃತಜ್ಞತೆ

ಉಂಡು ತೇಗಿದವನು ದೇವರನ್ನು ಕೊಂಡಾಡುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಅಕ್ಕಿಯ ಡಬ್ಬದ ತಳ ಕಾಣುವ ತಿಂಗಳ ಕೊನೆಯಲ್ಲಿ, ಕೆಲಸ ಹೋಗಿ ಮನೆಬಾಡಿಗೆಗೆ ದಾರಿ ತೋಚದ ದಿನದಲ್ಲಿ, ಅದೇ ಮನುಷ್ಯನ ಬಾಯಿಂದ ಸ್ತುತಿ ಹೊರಟರೆ ನಾವು ತಿರುಗಿ ನೋಡುತ್ತೇವೆ. ಇದು ಭಕ್ತಿಯೋ, ಭ್ರಮೆಯೋ, ಸೋತವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನವೋ? ಯಾವ ಸ್ಥಿತಿಯಲ್ಲೂ ದೇವರಿಗೆ ಕೃತಜ್ಞನಾಗಿರಬೇಕೆಂಬ ಕ್ರೈಸ್ತ ಉಪದೇಶವನ್ನು ಕೇಳಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಉತ್ತರಕ್ಕಾಗಿ ನಾನು ಒಬ್ಬ ಪಾದ್ರಿಯ ಬಾಳನ್ನು ನೆನೆಯುತ್ತೇನೆ. ಮಾರ್ಟಿನ್ ರಿಂಕಾರ್ಟ್ 1586ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಐಲೆನ್‌ಬರ್ಗ್ ಎಂಬ ಊರಿನಲ್ಲಿ ಹುಟ್ಟಿದವನು. 1617ರಲ್ಲಿ ಅದೇ ಊರಿನ ಚರ್ಚಿಗೆ ಪಾದ್ರಿಯಾಗಿ ಬಂದ. ಮರುವರ್ಷವೇ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. ಕೋಟೆಗೋಡೆಯಿದ್ದ ಊರೆಂದು ಸುತ್ತಣ ಜನ ಅಲ್ಲಿಗೆ ಓಡಿಬಂದು ತುಂಬಿದರು. 1637ರಲ್ಲಿ ಪ್ಲೇಗು ಬಂತು. ಆ ಒಂದು ವರ್ಷದಲ್ಲಿ ರಿಂಕಾರ್ಟ್ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಅಂತ್ಯಕ್ರಿಯೆ ನಡೆಸಿದನೆಂದು ಹೇಳುತ್ತಾರೆ; ಕೆಲವು ದಿನ ನಲವತ್ತು, ಐವತ್ತು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಪ್ಲೇಗಿನ ಬೆನ್ನಿಗೇ ಕ್ಷಾಮ.

ಈ ಮನುಷ್ಯ ಬರೆದ ಕೃತಜ್ಞತೆಯ ಕೀರ್ತನೆಯೊಂದನ್ನು ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಇಂದಿಗೂ ಹಾಡುತ್ತಾರೆ. ಹೆಣಗಳ ನಡುವೆ ಕುಳಿತು ಬರೆದನೆಂದು ಕಥೆ ಹೇಳುವವರುಂಟು. ಪ್ಲೇಗಿಗೆ ಮುಂಚೆಯೇ, ಊಟದ ಹೊತ್ತಿನ ಪುಟ್ಟ ಪ್ರಾರ್ಥನೆಯಾಗಿ ಅದು ಹುಟ್ಟಿತೆಂಬುದೇ ಹೆಚ್ಚು ಸಂಭವ. ನನಗೆ ಅರ್ಥವತ್ತಾಗಿ ಕಾಣುವುದೂ ಈ ಎರಡನೆಯ ಮಾತೇ. ಆಪತ್ತು ಬಾಗಿಲು ತಟ್ಟಿದ ದಿನ ಯಾರೂ ಕೃತಜ್ಞತೆಯನ್ನು ಹೊಸದಾಗಿ ಕಲಿಯಲಾರರು. ದಿನದಿನದ ಊಟದ ಮುಂದೆ ರೂಢಿಸಿಕೊಂಡದ್ದೇ ಊಟವಿಲ್ಲದ ದಿನ ಕೈಹಿಡಿಯಬೇಕು. ಸಂತ ಪೌಲನೂ ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಇದ್ದುದರಲ್ಲಿ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆನೆಂದೇ ಹೇಳುತ್ತಾನೆ. ಅದು ಹುಟ್ಟುಗುಣವಲ್ಲ, ಅಭ್ಯಾಸ.

ಹಾಗಾದರೆ ವಂದಿಸಿದವನಿಗೆ ದೇವರು ಕೊಟ್ಟದ್ದೇನು? ಹೆಂಡತಿ ಉಳಿಯಲಿಲ್ಲ, ಊರಿನ ಎಷ್ಟೋ ಜನ ಉಳಿಯಲಿಲ್ಲ. ಹರಕೆ ಹೊತ್ತು ಫಲ ಎಣಿಸುವ, ನಮಗೆಲ್ಲ ಪರಿಚಿತವಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಂಬಿಕೆ ಕಷ್ಟದ ವಿರುದ್ಧ ಮಾಡಿಸಿದ ವಿಮೆಯಾಗಿದ್ದರೆ ರಿಂಕಾರ್ಟನಷ್ಟು ಮೋಸಹೋದವನು ಮತ್ತೊಬ್ಬನಿಲ್ಲ.

ಆದರೂ ಅವನು ಕೈಕಟ್ಟಿ ಕೂರಲಿಲ್ಲ. ಕ್ಷಾಮದಲ್ಲಿ ಇದ್ದುದನ್ನು ಹಸಿದವರಿಗೆ ಹಂಚಿದ. ತನ್ನ ಮನೆಯ ರೊಟ್ಟಿಗಾಗಿ ಮುಂದಿನ ವರ್ಷಗಳ ವರಮಾನವನ್ನೇ ಒತ್ತೆಯಿಟ್ಟ. ಸ್ವೀಡಿಷ್ ಸೈನ್ಯ ಆ ಬಡ ಊರಿನಿಂದ ಮೂವತ್ತು ಸಾವಿರ ಥಾಲರ್ ಕಪ್ಪ ಕೇಳಿದಾಗ ದಂಡನಾಯಕನ ಬಳಿಗೆ ಹೋಗಿ ಅಂಗಲಾಚಿದ. ಕೊನೆಗೆ ಎರಡು ಸಾವಿರ ಫ್ಲೋರಿನ್‌ಗೆ ಮಾತು ಇಳಿಯಿತೆನ್ನುತ್ತಾರೆ. ವಂದಿಸುವ ಬಾಯಿ ಬೇಡುವುದನ್ನೂ ಬಲ್ಲದು. ಕ್ರಿಸ್ತ ಕಲಿಸಿದ ಪ್ರಾರ್ಥನೆಯಲ್ಲೂ ರೊಟ್ಟಿಯ ಬೇಡಿಕೆ ಇದೆ. ಅದೂ ಈ ದಿನಕ್ಕೆ ಸಾಕಾಗುವಷ್ಟು, ಅದೂ ‘ನಮಗೆ’ ಎಂದು, ‘ನನಗೆ’ ಎಂದಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಹೊಟ್ಟೆ ತುಂಬಿದವನು ಹಸಿದವನಿಗೆ ಕೃತಜ್ಞತೆಯ ಪಾಠ ಹೇಳುವುದು ಕ್ರೌರ್ಯ. ಬಟ್ಟೆಯಿಲ್ಲದವನಿಗೆ, ಅನ್ನವಿಲ್ಲದವನಿಗೆ ಬರಿಯ ಹಾರೈಕೆ ಹೇಳಿ ಕಳುಹಿಸಿದರೆ ಬಂದ ಪ್ರಯೋಜನವೇನೆಂದು ಯಾಕೋಬನ ಪತ್ರವೇ ಕೇಳುತ್ತದೆ. ಕೊರತೆಯಲ್ಲಿ ವಂದಿಸುವುದು ಕೊರತೆಯಲ್ಲಿರುವವನು ತನಗೆ ತಾನೇ ಹಾಕಿಕೊಳ್ಳಬಹುದಾದ ವ್ರತ. ಇನ್ನೊಬ್ಬರು ಅವನ ತಲೆಯ ಮೇಲೆ ಹೇರುವಂಥದಲ್ಲ.

ಹಾಗಿದ್ದರೆ ಅದರಿಂದ ಆಗುವುದೇನು? ನನಗೆ ತೋರುವುದಿಷ್ಟು. ಕೊರತೆಗಿಂತ ಕೊರತೆಯ ಭಯ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ. ಭಯ ಮುಷ್ಟಿಯನ್ನು ಬಿಗಿಸುತ್ತದೆ. ಐದು ರೊಟ್ಟಿ, ಎರಡು ಮೀನು ಹಿಡಿದು ಯೇಸು ಸ್ತೋತ್ರ ಮಾಡಿದ್ದು ಅವು ಎಲ್ಲರಿಗೂ ಸಾಕಾದ ಮೇಲಲ್ಲ. ಸಾಲದೆಂದು ಶಿಷ್ಯರಿಗೆಲ್ಲ ತೋರುತ್ತಿದ್ದಾಗ. ಆಮೇಲೆ ಮುರಿದು ಹಂಚಿದ. ಇರುವ ಅರ್ಧ ಸೇರು ಅಕ್ಕಿ ನನ್ನ ಗಳಿಕೆಯೆಂದುಕೊಂಡರೆ ಬೀಗ ಹಾಕುತ್ತೇನೆ. ಕೊಡಲ್ಪಟ್ಟದ್ದೆಂದುಕೊಂಡರೆ ನೆರೆಮನೆಯ ಒಲೆ ಉರಿದಿದೆಯೇ ಎಂದು ನೋಡುವ ಧೈರ್ಯ ಬರುತ್ತದೆ. ಕೃತಜ್ಞತೆ ನಿಜವೋ ಭ್ರಮೆಯೋ ಎಂದು ಪರೀಕ್ಷಿಸಲು ಇದಕ್ಕಿಂತ ಬೇರೆ ಒರೆಗಲ್ಲು ನನಗೆ ತಿಳಿಯದು.