ಕಟ್ಟಳೆಯ ಕರುಣೆ

ಆಜ್ಞೆಗೆ ಮಣಿದು ಕೊಟ್ಟುದು ದಾನವೆನಿಸುವುದೇ? ನನ್ನ ವಿದ್ಯಾರ್ಥಿಯೊಬ್ಬನ ತಂದೆಯ ನಿಮಿತ್ತವಾಗಿ ಈ ಪ್ರಶ್ನೆಯು ನನ್ನೆದುರಿಗೆ ನಿಂತಿತು.

ಆತನು ಪ್ರತಿವರ್ಷ ಕಬ್ಬು ಕಡಿಯಲು ಗುಳೆ ಹೋಗುವವನು. ಹೊಟ್ಟೆಯ ಶಸ್ತ್ರಕ್ರಿಯೆ ಆಗಲೇಬೇಕೆಂದು ವೈದ್ಯರು ಹೇಳಿದ್ದರು. ಧರ್ಮಾದಾಯ ಆಸ್ಪತ್ರೆಗೆ ಹೋಗೆಂದು ನಾನು ಸೂಚಿಸಿದರೆ, “ಧರ್ಮದ ಹಾಸಿಗಿ ಬ್ಯಾಡ್ರಿ ಮಾಸ್ತರ, ದುಡದು ತಿಂದಾಂವ ನಾ” ಎಂದುಬಿಟ್ಟನು. ನೋವಿಗಿಂತ ಬೇಡುವ ನಾಚಿಕೆಯೇ ಅವನಿಗೆ ದೊಡ್ಡದಾಗಿತ್ತು.

ಧರ್ಮದ ವೈದ್ಯವು ನಮ್ಮ ಜತ್ತ ಸೀಮೆಗೆ ಹೊಸದೇನಲ್ಲ. ಮಿಶನರಿ ವೈದ್ಯರಾದ ವಾನ್ಲೆಸ್ ಅವರು 1894ರಲ್ಲಿ ಮಿರಜಿಯಲ್ಲಿ ಆಸ್ಪತ್ರೆ ತೆರೆದರು. ಕನ್ನಡ ನಾಡಿನ ರೋಗಿಗಳೂ ಅಲ್ಲಿಗೆ ನಡೆದರು. ಬಡವರನ್ನು ಉಪಚರಿಸೆಂದು ಅವರಿಗೆ ಯಾವ ಸರಕಾರವೂ ಅಪ್ಪಣೆ ಕೊಡಿಸಿರಲಿಲ್ಲ. ಅಂಥ ಅಂತಃಕರಣಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅಂಥವರು ಊರೂರಿಗೆ ಹುಟ್ಟುವುದಿಲ್ಲ. ರೋಗವಾದರೋ ಊರೂರಿಗೂ ಉಂಟು.

ಮಹಾರಾಷ್ಟ್ರದ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ 1950ರ ಕಾಯಿದೆಗೆ ಮುಂದೆ 41ಎಎ ಎಂಬ ಕಲಮು ಸೇರಿತು. ಅದರ ಮೇರೆಗೆ 2006ರಲ್ಲಿ ಮುಂಬಯಿ ಹೈಕೋರ್ಟು ಒಂದು ಯೋಜನೆಯನ್ನು ವಿಧಿಸಿತು. ಧರ್ಮಾದಾಯ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ, ಇನ್ನು 10ನ್ನು ದುರ್ಬಲ ವರ್ಗದವರಿಗೆ ರಿಯಾಯತಿಯಲ್ಲಿಯೂ ಮೀಸಲಿಡಬೇಕು. ಒಟ್ಟು ಬಿಲ್ಲಿನಲ್ಲಿ ನೂರಕ್ಕೆ 2ನ್ನು ಬಡರೋಗಿಗಳ ನಿಧಿಗೆ ಜಮೆ ಮಾಡಬೇಕು.

ಬಲವಂತದಿಂದ ದಯೆಯು ಬತ್ತುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಧರ್ಮಸಂಸ್ಥೆಯೆಂದು ಕರವಿನಾಯಿತಿ ಪಡೆದವರು ಹೀಗೆನ್ನುವುದು ಸೋಜಿಗವೇ ಸರಿ! ಇರಲಿ, ಕೊಡುವವನ ಪುಣ್ಯ ಕಡಿಮೆಯಾದೀತು, ಒಪ್ಪುತ್ತೇನೆ. ಆದರೆ ಪುಣ್ಯದ ಲೆಕ್ಕ ಕೊಡುವವನದು. ಮಲಗಿದವನ ಲೆಕ್ಕವೇ ಬೇರೆ. “ಇದು ಭಿಕ್ಷೆಯಲ್ಲಪ್ಪಾ, ಕಾಯಿದೆ” ಎಂದು ನಾನು ಬಿಡಿಸಿ ಹೇಳಿದ ಮೇಲೆಯೇ ಆತನು ರೇಶನ್ ಕಾರ್ಡನ್ನೂ ತಹಶೀಲದಾರರ ದಾಖಲೆಯನ್ನೂ ಹಿಡಿದು ತಲೆಯೆತ್ತಿ ಹೊರಟನು. ಯಾವ ದಾನಿಯೂ ಅವನಿಗೆ ಆ ನೆಟ್ಟನೆಯ ಬೆನ್ನನ್ನು ಕೊಡಲಾರದೆ ಹೋಗಿದ್ದನು.

ಹಾಸಿಗೆ ದೊರೆಯಿತು. ಆದರೆ ಅದಕ್ಕೆ ಮುನ್ನ ಮರಾಠಿ ಅರ್ಜಿಯನ್ನು ಕೈಯಲ್ಲಿ ಹಿಡಿದು, ಓದಬಾರದೆ, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಆತನು ಗೋಡೆಗೆ ಒರಗಿ ಕುಳಿತಿದ್ದನಂತೆ. ನೆಲ ಒರೆಸಲು ಬಂದ ಹೆಂಗಸೊಬ್ಬಳು ಅವನ ಮಾತಿನಿಂದಲೇ ಕನ್ನಡಿಗನೆಂದರಿತು, ತನ್ನ ಕೆಲಸ ಬಿಟ್ಟು, ಅರ್ಜಿ ಬರೆಯಿಸಿ, ಒಂದು ಬಟ್ಟಲು ಚಹ ತಂದುಕೊಟ್ಟಳು. ಇದನ್ನು ಯಾವ ಕಲಮೂ ಆಕೆಗೆ ವಿಧಿಸಿರಲಿಲ್ಲ. ಗುಣವಾಗಿ ಬಂದವನು ಇಂದಿಗೂ ಆಕೆಯನ್ನೇ ನೆನೆಯುತ್ತಾನೆ.

ಆ ಚಹವನ್ನೂ ಕಾಯಿದೆಯಲ್ಲಿ ಬರೆಯಬೇಕೆಂದು ನನಗೆ ತೋರುವುದಿಲ್ಲ. ಆದರೂ ಒಂದು ಯೋಚನೆ ನನ್ನನ್ನು ಬಿಡದು: ಆ ದಿನ ಆಕೆಗೆ ರಜೆಯಿದ್ದಿದ್ದರೆ?