ವೈದ್ಯನೂ ರೋಗಿಯ ಮನೆಯೂ

ರೋಗವನ್ನು ಅರಿತವನು ವೈದ್ಯನೋ, ರೋಗಿಯನ್ನು ಅರಿತವನು ವೈದ್ಯನೋ? ಮೇಲುನೋಟಕ್ಕೆ ಇದು ಮಾತಿನ ಚಮತ್ಕಾರದಂತೆ ತೋರಬಹುದು. ಆದರೆ ಇದರಲ್ಲಿ ಧರ್ಮಸೂಕ್ಷ್ಮವೊಂದು ಅಡಗಿದೆ.

ವೈದ್ಯವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ವ್ಯಾಸಂಗಕಾಲದಲ್ಲಿ ಮತ್ತೆ ಮತ್ತೆ ಅವರ ಮನೆಗೆ ಹೋಗಿ ಕ್ಷೇಮವನ್ನು ವಿಚಾರಿಸಬೇಕೆಂಬ ಕ್ರಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತಂದಿತು. ನಿಯಮವು ಹೊಸದಾದರೂ ವಿವೇಕವು ಹಳೆಯದು. ರೋಗಿಯು ಯಾವ ನೆಲದಲ್ಲಿ ಹುಟ್ಟಿದನು, ಎಲ್ಲಿ ಬೆಳೆದನು, ಎಲ್ಲಿ ರೋಗಕ್ಕೆ ಗುರಿಯಾದನು, ಆ ನೆಲದವರ ಆಹಾರವಿಹಾರಗಳೇನು ಎಂಬುದನ್ನು ವೈದ್ಯನು ಪರೀಕ್ಷಿಸತಕ್ಕದ್ದೆಂದು ಚರಕಸಂಹಿತೆಯ ವಿಮಾನಸ್ಥಾನವು ವಿಧಿಸುತ್ತದೆ. ನಾಡಿ ಹಿಡಿದ ಮಾತ್ರಕ್ಕೆ ಇವೆಲ್ಲ ತಿಳಿಯುವವೇ?

ನನ್ನಲ್ಲಿ ಹಿಂದೆ ಓದಿ ಈಗ ವೈದ್ಯವ್ಯಾಸಂಗ ಮಾಡುತ್ತಿರುವ ತರುಣನೊಬ್ಬನು ಕಳೆದ ಮಳೆಗಾಲದಲ್ಲಿ ನನ್ನನ್ನು ಕಾಣಲು ಬಂದಿದ್ದನು. ಹುಣಸೂರು ಪಿರಿಯಾಪಟ್ಟಣಗಳ ಸೀಮೆಯಲ್ಲಿ ಹೊಗೆಸೊಪ್ಪಿನ ಬೇಸಾಯ ಹೆಚ್ಚೆಂಬುದನ್ನು ವಾಚಕರು ಬಲ್ಲರು. ಅಲ್ಲಿನ ಒಂದು ಹಳ್ಳಿಯಲ್ಲಿ ಅವನ ಪಾಲಿಗೆ ಬಂದ ಮನೆಯ ತಾಯಿಗೆ ಆಗಾಗ್ಗೆ ತಲೆಸುತ್ತು, ವಾಂತಿ. ಪಿತ್ತವೆಂದು ಬಗೆದು ಆಕೆ ಮಾತ್ರೆ ನುಂಗುತ್ತಿದ್ದಳು. ಇವನು ಹೋದ ದಿನ ಆಕೆ ಮನೆಯಲ್ಲಿರಲಿಲ್ಲ. ಊರಿನವರೊಬ್ಬರ ಬ್ಯಾರನ್ನಿನ ಮುಂದೆ ಕುಳಿತು, ಮಳೆಯಲ್ಲಿ ನೆನೆದ ಹಸಿ ಸೊಪ್ಪನ್ನು ಬರಿಗೈಯಿಂದ ಕಡ್ಡಿಗೆ ಕಟ್ಟುತ್ತಿದ್ದಳು. ಹಸಿ ಎಲೆಯಲ್ಲಿರುವ ನಿಕೋಟಿನ್ ಎಂಬ ವಿಷವು ಒದ್ದೆ ಚರ್ಮದ ಮೂಲಕ ಒಳಸೇರಿದರೆ ಇಂಥದೇ ತಲೆಸುತ್ತು, ವಾಂತಿ ಉಂಟಾಗುತ್ತವೆ. ಆಸ್ಪತ್ರೆಯ ಬೆಂಚಿನ ಮೇಲೆ ಕಾಣದ ನಿದಾನವು ಬ್ಯಾರನ್ನಿನ ಮುಂದೆ ಕಂಡಿತು.

“ಸೊಪ್ಪು ಮುಟ್ಟಬೇಡಿ ತಾಯಿ” ಎಂದನಂತೆ. “ಮುಟ್ಟದೇ ಇದ್ರೆ ಕೂಲಿ ಯಾರು ಕೊಟ್ಟಾರು ಮಗ?” ಎಂದಳಂತೆ ಆಕೆ.

“ಗುರುಗಳೇ, ತಿಳಿದು ಏನು ಫಲವಾಯಿತು? ಅವರ ಬಡತನವನ್ನು ಇಣಿಕಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬಂದೆನಷ್ಟೆ” ಎಂದು ಅವನು ನೊಂದು ನುಡಿದನು.

ವೈದ್ಯನ ಧರ್ಮವು ಔಷಧದೊಡನೆ ಮುಗಿಯಿತು, ಬಡತನವು ಸರ್ಕಾರದ ವಿಚಾರ ಎಂದು ಕೆಲವರು ಹೇಳುವುದುಂಟು. ಈ ವಾದವು ಸಾಧುವಲ್ಲ. ಕೆ.ಆರ್. ನಗರದ ನಾಲಾಬಯಲಿನಲ್ಲಿ ನಾಟಿ ಹಾಕುವ ಹೆಂಗಸಿಗೆ ಕಾಲಿನ ಹುಣ್ಣು ಮಾಯುವವರೆಗೆ ಕಾಲನ್ನು ಒದ್ದೆಮಾಡಬೇಡವೆಂದರೆ ಅದು ಚಿಕಿತ್ಸೆಯೇ? ಕ್ಷಯದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಸೇವಿಸಬೇಕು. ಎಚ್.ಡಿ. ಕೋಟೆಯ ಹಾಡಿಯವನೊಬ್ಬನು ನಡುವೆ ಕೊಡಗಿನ ಕಾಫಿತೋಟಕ್ಕೆ ಕೂಲಿಗೆ ಹೋದರೆ, ‘ಔಷಧ ಬಿಟ್ಟನು’ ಎಂದು ದಾಖಲೆಯು ಬರೆಯುತ್ತದೆ. ಆ ವಾಕ್ಯವು ಸುಳ್ಳಲ್ಲ. ಆದರೆ ಅದರಲ್ಲಿ ತೀರ್ಪಿದೆ, ವಿಚಾರಣೆಯಿಲ್ಲ. ಅವನ ಒಲೆಯನ್ನು ಕಂಡ ವೈದ್ಯನು ಏಕೆ ಬಿಟ್ಟನೆಂದು ಕೇಳುವನು. ಅವನು ಹೋಗುವ ಊರಿನಲ್ಲೇ ಔಷಧ ದೊರೆಯುವಂತೆ ಮೊದಲೇ ಏರ್ಪಡಿಸುವನು. ಅರಿವು ಇಲ್ಲಿ ಔಷಧದ ಒಂದು ಅಂಗವೇ ಆಯಿತು.

ಆದರೂ ತರುಣನ ಪ್ರಶ್ನೆ ತೀರಲಿಲ್ಲ. ಪರರ ಮನೆಯ ಕಷ್ಟವನ್ನು ಕಂಡು ಪಡೆದ ತಿಳಿವಳಿಕೆಯು ಒಂದು ಸಾಲ. ವಿದ್ಯಾರ್ಥಿಯು ಕುಟುಂಬವನ್ನು ದತ್ತು ಪಡೆದನೆನ್ನುತ್ತಾರೆ. ವಿಚಾರಿಸಿದರೆ ಆ ಕುಟುಂಬವೇ ಅವನಿಗೆ ಬಾಗಿಲು ತೆರೆದು, ಚಾಪೆ ಹಾಸಿ, ಅವನ ಮುಂದಿನ ಜೀವನೋಪಾಯಕ್ಕೆ ಬೇಕಾದ ವಿದ್ಯೆಯನ್ನು ಕೊಟ್ಟಿತು. ಹನ್ನೆರಡನೆಯ ಶತಮಾನದ ಶರಣ ವೈದ್ಯ ಸಂಗಣ್ಣನಿಗೆ ಚಿಕಿತ್ಸೆಯೇ ಕಾಯಕವಾಗಿತ್ತು. ಕಾಯಕದಲ್ಲಿ ಪಡೆದುದನ್ನು ದಾಸೋಹವಾಗಿ ಹಿಂದಿರುಗಿಸಬೇಕೆಂಬುದೇ ಶರಣಮಾರ್ಗವಲ್ಲವೇ? ಪಡೆದುದು ಅರಿವಾದರೂ ಈ ನಿಯಮಕ್ಕೆ ಹೊರತಲ್ಲ.

ಈ ಸಾಲವನ್ನು ತೀರಿಸಿದವರು ನಮ್ಮ ಸೀಮೆಯಲ್ಲೇ ಇದ್ದಾರೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿ, ಮುಂದೆ ಎಚ್.ಡಿ. ಕೋಟೆಯ ಕಾಡಂಚಿಗೆ ಹೋದರು. ಔಷಧ ಕೊಡಲು ಹೋದವರು ಅಲ್ಲಿಯ ಬಾಳನ್ನು ಕಂಡ ಮೇಲೆ ಗಿರಿಜನರ ಮಕ್ಕಳಿಗಾಗಿ ಶಾಲೆಯನ್ನೂ ತೆರೆದರು. ಸರಗೂರಿನಲ್ಲಿ ಆಸ್ಪತ್ರೆಯನ್ನು ಕಟ್ಟಿದರು.

ಎಲ್ಲರಿಗೂ ಇಷ್ಟು ಸಾಧ್ಯವಾಗದು. ಆದರೆ ಕಂಡ ಗುಟ್ಟನ್ನು ಕಾಯುವುದು, ಬಾಳಿಗೆ ಒಗ್ಗುವ ಮಾತನ್ನೇ ಹೇಳುವುದು, ಕೂಲಿ ಕೊಡುವವನಿಗೂ ವಿಷಯವನ್ನು ತಿಳಿಸುವುದು, ಮತ್ತೆ ಹೋಗಿ ನೋಡುವುದು, ಇಷ್ಟಂತೂ ಪ್ರತಿಯೊಬ್ಬನಿಗೂ ಸಾಧ್ಯ. ತರುಣನಿಗೆ ಇದನ್ನೇ ಹೇಳಿ ಕಳುಹಿಸಿದೆನು.

ಅವನು ಕೈಗವಸು ಕೊಂಡುಹೋದನಂತೆ. ಅದನ್ನು ತೊಟ್ಟರೆ ಕೈ ಸಾಗದೆಂದು ಆಕೆ ತೆಗೆದಿಟ್ಟಳಂತೆ. ಕೆಲಸ ಮುಗಿದೊಡನೆ ಕೈ ತೊಳೆಯಲು ಮಾತ್ರ ಒಪ್ಪಿದ್ದಾಳೆ. “ಬರುವ ತಿಂಗಳು ಮತ್ತೆ ಹೋಗುತ್ತೇನೆ, ಗುರುಗಳೇ” ಎಂದು ತಿಳಿಸಿದ್ದಾನೆ. ಅವನ ವೈದ್ಯದೀಕ್ಷೆಯು ಈಗ ಮೊದಲಾಯಿತೆಂದು ನಾನು ತಿಳಿದಿದ್ದೇನೆ.